ಮುಖಕ್ಕೆ ಬಂದ ಬಣ್ಣ

ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದುದು ಬೆಂಕಿ. ಬೀದಿನಾಯಿಗಳು ಇನ್ನೂ ಮಗ್ಗುಲು ಬದಲಿಸುತ್ತಿರುವಾಗಲೇ ಮಗ ಭಟ್ಟಿಗೆ ಸೌದೆ ತುಂಬುತ್ತಿದ್ದ, ಸೊಸೆ ಉಬ್ಬಿದ ಹಿಟ್ಟನ್ನು ಗುದ್ದಿ ಗುದ್ದಿ ಉಂಡೆ ಕಟ್ಟುತ್ತಿದ್ದಳು. ಊರು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಬ್ರೆಡ್ಡು, ಬನ್ನು, ರಸ್ಕು ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ಕೂತಿರುತ್ತಿದ್ದವು. ಹಾಗಾಗಿ ಅವರಿಗೆ ರಾತ್ರಿ ಅನ್ನುವುದು ಮಧ್ಯಾಹ್ನ ಬರುತ್ತಿತ್ತು. ಊಟ ಮುಗಿಸಿ ಷಟರು ಅರ್ಧ ಇಳಿಸಿದರೆ, ಯಾರೋ ಮಂಕುಬೂದಿ ಎರಚಿದ ಹಾಗೆ ಇಡೀ ಮನೆ ಬಿದ್ದಲ್ಲೇ ನಿದ್ದೆ.

ಅಜ್ಜ ಆಸ್ಪತ್ರೆಯಿಂದ ಬಂದ ಮೇಲೆ ಆ ನಿದ್ದೆ ಹೋಯಿತು.

ಬೀದಿಯ ಮಕ್ಕಳಿಗೆಲ್ಲ ಅವನು ಬನ್ನಜ್ಜ. ಆ ಭಟ್ಟಿಯನ್ನು ಕಟ್ಟಿಸಿದವನು ಅವನೇ, ಅದರ ಹೊಗೆಯನ್ನು ಜೀವಮಾನವಿಡೀ ಕುಡಿದವನೂ ಅವನೇ. ಈಗ ಅವನ ಶ್ವಾಸಕೋಶ ತೂತುಬಿದ್ದ ತಿದಿಯ ಹಾಗಾಗಿತ್ತು. ಎಷ್ಟು ಎಳೆದರೂ ಗಾಳಿ ಸಾಲದು. ಆಸ್ಪತ್ರೆಯವರು ಅವನ ಜೊತೆ ಒಂದು ಆಕ್ಸಿಜನ್ ಮಶೀನನ್ನೂ ಕಳಿಸಿದರು. ಸ್ಟೂಲಿನಷ್ಟು ಎತ್ತರದ ಪೆಟ್ಟಿಗೆ, ಅದರ ಮುಂದೆ ಗಾಜಿನ ಕೊಳವೆಯೊಳಗೆ ತೇಲುವ ಪುಟ್ಟ ಗುಂಡು, ಕೆಳಗೊಂದು ತಿರುಪು. ಪೆಟ್ಟಿಗೆಯಿಂದ ಹೊರಟ ಸಪೂರ ಪೈಪು ಅಜ್ಜನ ಕಿವಿಗಳನ್ನು ಬಳಸಿ ಮೂಗಿಗೆ ಬರುತ್ತಿತ್ತು.

ಆಸ್ಪತ್ರೆಯ ಸಿಸ್ಟರು ಮಗನನ್ನು ಕಾರಿಡಾರಿಗೆ ಕರೆದು ಎಲ್ಲ ಬಿಡಿಸಿ ಹೇಳಿದ್ದಳು. ಅವನು ತಲೆಯಾಡಿಸಿದ್ದ. ಆದರೆ ಅವನ ತಲೆಯ ಅರ್ಧ ಬೇಕರಿಯಲ್ಲಿತ್ತು. ಕಲಸಿಟ್ಟು ಬಂದಿದ್ದ ಹಿಟ್ಟು ಹುಳಿಯುವ ಮೊದಲು ಮನೆ ಸೇರಬೇಕಿತ್ತು. ಮನೆಗೆ ಬಂದು ಅವನು ಹೇಳಿದ್ದು ಇಷ್ಟು:

"ಗುಂಡು ಒಂದರ ಗೆರೆ ಮೇಲೇ ಇರ್ಬೇಕಂತೆ. ಬೆಂಕಿ ಹತ್ರ ಹೋಗ್ಬಾರ್ದಂತೆ. ಈ ಕ್ಲಿಪ್ಪನ್ನ ಬೆರಳಿಗೆ ಹಾಕಿದ್ರೆ ನಂಬರು ಬರುತ್ತೆ. ಎಂಬತ್ತೆಂಟರಿಂದ ತೊಂಬತ್ತೆರಡರ ಒಳಗಿದ್ರೆ ಸಾಕಂತೆ."

"ಯಾಕೆ ಅಷ್ಟೇ ಸಾಕು?" ಅಂದಳು ಅವನ ತಾಯಿ. ಬನ್ನಜ್ಜನ ಹೆಂಡತಿಯಾದ್ದರಿಂದ ಬೀದಿಗೆ ಅವಳು ಅಜ್ಜಿ.

"ಸಾಕು ಅಂದ್ರೆ ಸಾಕು ಕಣಮ್ಮ. ಅವರು ಓದಿದೋರು."

ಹೀಗೆ ಅಳತೆ ಮನೆಗೆ ಬಂತು, ಕಾರಣ ಕಾರಿಡಾರಿನಲ್ಲೇ ಉಳಿಯಿತು.

ಮೊದಲ ಜಗಳ ಮಂಚದ್ದು. ಅಜ್ಜನ ಮಂಚ ಮದುವೆಯಾದಾಗಿನಿಂದ ಭಟ್ಟಿಯ ಹಿಂಗೋಡೆಗೆ ಅಂಟಿಕೊಂಡೇ ಇತ್ತು. ಆ ಗೋಡೆ ಯಾವಾಗಲೂ ಬೆಚ್ಚಗೆ, ಬಸುರಿ ಹಸುವಿನ ಹೊಟ್ಟೆಯ ಹಾಗೆ. ಮಗ ಅದನ್ನು ಎಳೆದು ಬೀದಿಯ ಕಡೆಯ ಕೋಣೆಗೆ ಹಾಕಿದ.

"ನನ್ನನ್ನ ಬೀದಿಗೆ ಹಾಕಿದ್ಯಲ್ಲೋ," ಅಂದ ಅಜ್ಜ.

"ಬೀದಿಗಲ್ಲಪ್ಪ, ಬೀದಿ ಪಕ್ಕಕ್ಕೆ. ಆಕ್ಸಿಜನ್ ಇರೋ ಕಡೆ ಕಿಡಿ ಬಿದ್ರೆ ಹೊತ್ಕೊಳ್ಳತ್ತೆ."

ಅಜ್ಜ ಕೇಳುವವನಲ್ಲ. ಮೂರನೆಯ ದಿನವೇ ಪೈಪು ಎಳೆದುಕೊಂಡು ಗೋಡೆ ಹಿಡಿದು ಭಟ್ಟಿಯ ಕಡೆ ಹೊರಟ. ಸೊಸೆ ಹಿಟ್ಟಿನ ಕೈಯಲ್ಲೇ ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು.

"ಮಾವಾ! ಒಂದ್ ಹೆಜ್ಜೆ ಮುಂದೆ ಇಡ್ಬೇಡಿ!"

"ನಾನೇನು ಪಟಾಕಿನಾ?"

"ಪಟಾಕಿ ಆದ್ರೆ ಒಂದ್ಸಲ ಸದ್ದು ಮಾಡಿ ಸುಮ್ಮನಾಗತ್ತೆ. ನೀವು ಬೆಳಗಿಂದ ಸಂಜೆ ತನಕ ಮಾಡ್ತೀರಿ. ನಡೀರಿ ಒಳಗೆ."

ಅಜ್ಜ ಗೊಣಗುತ್ತ ಹಿಂದಿರುಗಿದ. ಬೇಕರಿಗೆ ಹೋಗಲಾಗದ ಸಿಟ್ಟನ್ನು ಅವನು ಬ್ರೆಡ್ಡಿನ ಮೇಲೆ ತೀರಿಸಿಕೊಳ್ಳುತ್ತಿದ್ದ. ದಿನಾ ಬೆಳಿಗ್ಗೆ ಮೊದಲ ಬ್ರೆಡ್ಡು ಅವನ ಮುಂದೆ ಬರಬೇಕು. ಅದನ್ನು ಬೋರಲು ಹಾಕಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುವನು. ಆಮೇಲೆ ತೀರ್ಪು. "ಒಳಗೆ ಹಸಿ." "ಸೌದೆ ಒದ್ದೆ ಇತ್ತಾ?" "ಯಾವ ಕೈ ನಾದಿದ್ದು ಇದನ್ನ, ಕೈನಾ ಕಾಲಾ?" ಕೊನೆಯದು ಯಾವತ್ತೂ ಸೊಸೆಗೆ. ಆ ಮನೆಗೆ ಬಂದಾಗಿನಿಂದ ಅವಳು ಅವನ ಬಾಯಿಂದ 'ಚೆನ್ನಾಗಿದೆ' ಅನ್ನುವ ಮಾತು ಕೇಳಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಮಲಗಿದ ಕೂಡಲೇ ಅಜ್ಜನ ಕೆಮ್ಮು ಏಳುತ್ತಿತ್ತು. ಮೊದಲು ಒಂದು, ಆಮೇಲೆ ಒಂದರ ಬಾಲ ಹಿಡಿದು ಇನ್ನೊಂದು. ಏದುಸಿರು ಬಂದರೆ ಅಜ್ಜಿ ಎದ್ದು ಬೆನ್ನು ನೀವಬೇಕು, ದಿಂಬು ಒಟ್ಟಬೇಕು, ಬಿಸಿನೀರು ಕುಡಿಸಬೇಕು. ಅವಳು ಕೂತಲ್ಲೇ ತೂಗುತ್ತಿದ್ದಳು. ಸೊಸೆ ಸಂಜೆಯ ಹಿಟ್ಟಿಗೆ ಏಳುವಾಗ ಕಣ್ಣು ಕೆಂಡವಾಗಿರುತ್ತಿತ್ತು. ಪಕ್ಕದಲ್ಲಿ ಪೆಟ್ಟಿಗೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಸೊಸೆ ಅದಕ್ಕೆ ಚಿಕ್ಕತ್ತೆ ಅಂತ ಹೆಸರಿಟ್ಟಳು.

"ಯಾಕೆ ಚಿಕ್ಕತ್ತೆ?" ಅಂದ ಗಂಡ.

"ಮನೇಲಿ ಒಬ್ರು ಗೊಣಗೋರು ಸಾಲ್ದು ಅಂತ ಬಂದಿದೆಯಲ್ಲ, ಅದಕ್ಕೆ."

"ನಂಗೆ ಕೇಳಿಸ್ತು," ಅಂದಳು ಒಳಗಿನಿಂದ ಅಜ್ಜಿ. ಆದರೆ ಜಗಳ ಮುಂದುವರಿಸಲು ಅವಳಿಗೂ ತ್ರಾಣವಿರಲಿಲ್ಲ.

ಎರಡನೆಯ ವಾರ ಮಗಳು ಬಂದಳು. ಮಗನಿಗಿಂತ ಚಿಕ್ಕವಳು. ಇನ್ನೊಂದು ಬಡಾವಣೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರುವ ಕೆಲಸ. ರಜೆಯ ದಿನ ಹಣ್ಣಿನ ಚೀಲ ಹಿಡಿದು ಬರುವಳು, ಎಲ್ಲದಕ್ಕೂ ಒಂದು ಮಾತು ಹೇಳಿ ಹೋಗುವಳು. ಅಪ್ಪನ ಬೆರಳಿಗೆ ಕ್ಲಿಪ್ಪು ಹಾಕಿದವಳೇ ಕೂಗಿಕೊಂಡಳು.

"ಎಂಬತ್ತೊಂಬತ್ತು! ಅಮ್ಮಾ, ಇದೇನಿದು?"

"ಅಷ್ಟೇ ಸಾಕಂತೆ ಕಣೇ."

ಮಗಳು ತನ್ನ ಬೆರಳಿಗೆ ಹಾಕಿಕೊಂಡಳು. ತೊಂಬತ್ತೊಂಬತ್ತು. ಅಣ್ಣನಿಗೆ ಹಾಕಿದಳು. ತೊಂಬತ್ತೆಂಟು. ಅತ್ತಿಗೆಯನ್ನೂ, ಅಂದರೆ ಸೊಸೆಯನ್ನೂ, ಬಿಡಲಿಲ್ಲ. ಹಿಟ್ಟು ಮೆತ್ತಿದ ಬೆರಳಿಗೂ ತೊಂಬತ್ತೆಂಟೇ ಬಂತು.

"ನೋಡಿ! ನಾವೆಲ್ಲ ಹೊಟ್ಟೆ ತುಂಬ ಉಣ್ಣೋದು, ಅಪ್ಪನಿಗೆ ಮಾತ್ರ ಅರ್ಧ ತಟ್ಟೆನಾ? ಕರೆಂಟ್ ಉಳಿಸ್ತಿದೀರಾ ಅತ್ತಿಗೆ?"

"ಒಂದಕ್ಕಿಟ್ರೂ ಮೂರಕ್ಕಿಟ್ರೂ ಚಿಕ್ಕತ್ತೆ ಅಷ್ಟೇ ಕರೆಂಟ್ ತಿನ್ನೋದು. ನಾನು ಉಳಿಸೋ ಹಾಗಿದ್ರೆ ನನ್ನ ನಿದ್ದೆ ಉಳಿಸ್ಕೊಳ್ತಿದ್ದೆ. ಬನ್ನಿ, ಒಂದು ಮಧ್ಯಾಹ್ನ ಇಲ್ಲೇ ಮಲಗಿ ನೋಡಿ."

"ನಂಗೆ ಕೆಲಸ ಇಲ್ವಾ?"

"ನಂಗೇನು, ಇಲ್ಲಿ ಉಯ್ಯಾಲೆ ಹಾಕಿ ತೂಗ್ತಿದಾರಾ?"

"ಸಾಕು ಮಾಡ್ರೇ ಇಬ್ರೂ," ಅಂದ ಮಗ, ಬಾಯಲ್ಲಿ ಅನ್ನ ಇಟ್ಟುಕೊಂಡೇ.

ಮಗಳು ಸಂಜೆಯ ಬಸ್ಸಿಗೆ ಹೋದಳು. ಅರ್ಧ ತಟ್ಟೆ ಅನ್ನುವ ಮಾತು ಹೋಗಲಿಲ್ಲ. ಅದು ಅಜ್ಜಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಯಾರ ತಟ್ಟೆಗೂ ಕೇಳಿದ್ದಕ್ಕಿಂತ ಒಂದು ಸೌಟು ಹೆಚ್ಚೇ ಬಡಿಸಿದವಳು ಅವಳು. ಮರುದಿನ ಮಧ್ಯಾಹ್ನ ಕೆಮ್ಮು ಶುರುವಾಯಿತು. ಒಳಗಿನಿಂದ ಮಗ ನಿದ್ದೆಗಣ್ಣಲ್ಲಿ ಕೂಗಿದ: "ಅಮ್ಮಾ, ಏನಾದ್ರೂ ಮಾಡೇ!"

ಅಜ್ಜಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ತಿರುಪಿಗೆ ಕೈ ಹಾಕಿ, ಉಪ್ಪು ನೋಡುವವಳ ಹಾಗೆ ಒಂದಿಷ್ಟೇ ತಿರುಗಿಸಿದಳು. ಗುಂಡು ಮೇಲೆದ್ದು ಎರಡರ ಗೆರೆಗೆ ಬಂತು. ಸ್ವಲ್ಪ ಹೊತ್ತಿಗೆ ಅಜ್ಜನ ಏದುಸಿರು ಇಳಿಯಿತು, ಕಣ್ಣು ಮುಚ್ಚಿತು. ಬೆರಳಿನ ನಂಬರು ತೊಂಬತ್ತೈದು. ಅಜ್ಜಿ ನೆಲದಲ್ಲೇ ಉರುಳಿಕೊಂಡಳು, ಮರುಕ್ಷಣ ಗೊರಕೆ.

ಬಾಗಿಲ ಆಚೆ ಮಲಗಿದ್ದ ಸೊಸೆ ಇದನ್ನೆಲ್ಲ ಅರೆಗಣ್ಣಿನಲ್ಲಿ ನೋಡಿದಳು. ಏನೋ ಅನ್ನಬೇಕು ಅನ್ನಿಸಿತು. ಅಷ್ಟರಲ್ಲಿ ನಿದ್ದೆ ಬಂತು. ಎಷ್ಟೋ ದಿನಗಳ ಮೇಲೆ ಬಂದ ನಿದ್ದೆ, ಕೊಟ್ಟವರ ಹೆಸರು ಕೇಳುವ ಹಾಗಿರಲಿಲ್ಲ.

ಎರಡು ಮೂರಾಯಿತು. ಮೂರು ಒಂದು ದಿನ ನಾಲ್ಕಾಯಿತು. ಮಧ್ಯಾಹ್ನಗಳು ಮನೆಗೆ ಮರಳಿ ಬಂದವು. ಮಗ ಸಂಜೆ ಸಿಳ್ಳೆ ಹಾಕುತ್ತ ಎದ್ದ. ಸೊಸೆ ಹಿಟ್ಟಿನ ಮೇಲೆ ಸಿಟ್ಟು ತೋರಿಸುವುದನ್ನು ಬಿಟ್ಟಳು. ಅಜ್ಜಿ ತಲೆಗೆ ಎಣ್ಣೆ ಹಚ್ಚಿಕೊಂಡು ಬಾಚಿಕೊಂಡಳು.

ಎಲ್ಲಕ್ಕಿಂತ ಸಂತೋಷದ ಸಂಗತಿ ಅಜ್ಜನ ಮುಖ. ಆಸ್ಪತ್ರೆಯಿಂದ ಬಂದಾಗ ಬೂದಿ ಬಳಿದ ಹಾಗಿತ್ತು. ಈಗ ಕೆನ್ನೆಯಲ್ಲಿ ಕೆಂಪು, ಅಂಗೈಯಲ್ಲಿ ಬಿಸಿ. ಭಟ್ಟಿಯ ಮನೆಯವರಿಗೆ ಒಳ್ಳೆಯದು ಕೆಟ್ಟದ್ದು ಎಲ್ಲ ಬಣ್ಣದಲ್ಲೇ ಗೊತ್ತಾಗುವುದು. ಬಿಳಿಚಿಕೊಂಡಿದ್ದರೆ ಬೆಂದಿಲ್ಲ, ಕೆಂಪಡರಿದರೆ ಆಯಿತು.

"ಬಣ್ಣ ಬಂತು ನೋಡು ನಿಮ್ಮಪ್ಪಂಗೆ," ಅಂದಳು ಅಜ್ಜಿ.

"ಹೂಂ. ಇನ್ನೇನು ಎದ್ದು ಓಡಾಡ್ತಾನೆ ಬಿಡು," ಅಂದ ಮಗ.

ಬೆಳಿಗ್ಗೆ ಎದ್ದಾಗ ಅಜ್ಜ ತಲೆ ಸಿಡಿಯುತ್ತದೆ ಅನ್ನುತ್ತಿದ್ದ. ಚಿಕ್ಕತ್ತೆಯ ಸದ್ದಿಗೆ ಅಂದುಕೊಂಡರು. ಮಾತಿನ ಮಧ್ಯೆ ತೂಕಡಿಸುತ್ತಿದ್ದ. ಪಾಪ, ಎಷ್ಟು ದಿನದ ನಿದ್ದೆ ಬಾಕಿ ಅಂದುಕೊಂಡರು. ಜಗಳ ನಿಲ್ಲಿಸಿದ. ಅದನ್ನಂತೂ ಯಾರೂ ಕಾಯಿಲೆ ಅಂದುಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಸೊಸೆ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತಳು. ಮಗ ಎಂದಿನಂತೆ ಮೊದಲ ಬ್ರೆಡ್ಡನ್ನು ಅಪ್ಪನ ಮುಂದಿಟ್ಟ. ಹಿಂದಿರುಗಿ ಬಂದಾಗ ಅವನ ಮುಖ ಅರಳಿತ್ತು.

"ಲೇ, ಅಪ್ಪ ಚೆನ್ನಾಗಿದೆ ಅಂದ!"

"ಯಾರಿಗೆ?"

"ಬ್ರೆಡ್ಡಿಗೆ. ತಿಂದು, ಚೆನ್ನಾಗಿದೆ ಅಂದ."

ಸೊಸೆಗೆ ನಗು ಬಂತು. ಹೊತ್ತೇರುತ್ತಿದ್ದಂತೆ ಪಕ್ಕದ ಬೀದಿಯ ಟೀಚರು ಬ್ರೆಡ್ಡು ವಾಪಸ್ ತಂದಳು. "ಏನಮ್ಮಾ, ಉಪ್ಪಿಗೂ ನಿಮಗೂ ಮಾತು ಬಿಟ್ಟಿದೆಯಾ?" ಸೊಸೆ ಒಂದು ಚೂರು ಮುರಿದು ಬಾಯಿಗಿಟ್ಟಳು. ಸಪ್ಪೆ. ಅವಳ ನಗು ಅಲ್ಲೇ ನಿಂತಿತು. ಉಪ್ಪು ಒಂದು ಚಿಟಿಕೆ ಕಮ್ಮಿಯಾದರೆ ತಟ್ಟೆ ತಳ್ಳುವ ಮನುಷ್ಯ, ಉಪ್ಪೇ ಇಲ್ಲದ್ದನ್ನು ಹೊಗಳಿದ.

ಅವಳು ಗಲ್ಲಾ ಬಿಟ್ಟು ಒಳಗೆ ಓಡಿದಳು. ಅಜ್ಜ ಗೋಡೆಗೆ ಒರಗಿ ಕೂತಿದ್ದ. ಬಾಯಲ್ಲಿ ಬ್ರೆಡ್ಡಿನ ತುತ್ತು ಹಾಗೇ ಇತ್ತು, ಅವನು ನಿದ್ದೆ ಹೋಗಿದ್ದ. ಅವಳು ಬೆರಳು ಹಾಕಿ ತುತ್ತು ತೆಗೆದಳು.

"ಮಾವಾ. ಮಾವಾ!"

ಕಣ್ಣು ಅರ್ಧ ತೆರೆಯಿತು. "ಅಕ್ಕಾ," ಅಂದ ಅಜ್ಜ. ಅವನ ಅಕ್ಕ ಸತ್ತು ಯಾವ ಕಾಲವಾಗಿತ್ತೋ. ನೀರಿನ ಲೋಟ ಕೈಗಿಟ್ಟರೆ, ಮುಂಗೈ ಹಕ್ಕಿಯ ರೆಕ್ಕೆಯ ಹಾಗೆ ಪಟಪಟ ಬಡಿದು ನೀರೆಲ್ಲ ಚೆಲ್ಲಿತು.

"ರೀ, ಬನ್ನಿ ಇಲ್ಲಿ!"

ಮಗ ಬಂದು ಕ್ಲಿಪ್ಪು ನೋಡಿದ. "ತೊಂಬತ್ತೆಂಟು ಇದೆಯಲ್ಲೇ. ಆರಾಮಾಗಿದಾನೆ."

"ಆರಾಮಾಗಿರೋರು ಉಪ್ಪಿಲ್ಲದ ಬ್ರೆಡ್ಡು ತಿಂದು ನನ್ನನ್ನ ಹೊಗಳ್ತಾರಾ?"

ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ್ದ ಆಸ್ಪತ್ರೆಯ ನಂಬರಿಗೆ ಅವಳೇ ಫೋನು ಮಾಡಿದಳು. ಸಿಸ್ಟರು ಮೊದಲು ಕೇಳಿದ್ದು ಬೆರಳಿನ ನಂಬರನ್ನಲ್ಲ.

"ಗುಂಡು ಎಲ್ಲಿದೆ ನೋಡಿ."

"ನಾಲ್ಕರ ಹತ್ರ."

"ಯಾರಮ್ಮ ಏರಿಸಿದ್ದು?"

ಅಷ್ಟರಲ್ಲಿ ಮಗ ಹೆದರಿ ಅಪ್ಪನ ಮೂಗಿನ ಪೈಪನ್ನೇ ಕಿತ್ತುಹಾಕಲು ಹೋದ. ಸೊಸೆ ಫೋನಿನಲ್ಲೇ ಕೂಗಿದಳು: "ಪೈಪು ತೆಗೀಲಾ?"

"ಬೇಡ, ಬೇಡ! ಪೂರ್ತಿ ನಿಲ್ಲಿಸಿದ್ರೆ ಅದೂ ಅಪಾಯ. ಮೊದಲಿದ್ದ ಒಂದಕ್ಕೆ ಇಳಿಸಿ, ಪೈಪು ಹಾಗೇ ಇರ್ಲಿ. ಆಂಬುಲೆನ್ಸ್ ಕಳಿಸ್ತೀನಿ, ಕೂರಿಸ್ಕೊಂಡೇ ಇರಿ, ಮಲಗಿಸ್ಬೇಡಿ. ಮಾತಾಡಿಸ್ತಾ ಇರಿ."

ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಸೌಟು ಹಾಗೇ ಇತ್ತು.

ಆಸ್ಪತ್ರೆಯಲ್ಲಿ ಅಜ್ಜನ ಮುಖಕ್ಕೆ ಬಿಗಿಯಾದ ಮಾಸ್ಕು ಕಟ್ಟಿದರು. ಇನ್ನೊಂದು ಯಂತ್ರ ಅದರ ಮೂಲಕ ಗಾಳಿ ಒತ್ತಿ ಒತ್ತಿ, ಅವನ ಬದಲು ತಾನು ಉಸಿರಾಡಿಸುತ್ತಿತ್ತು. ಡಾಕ್ಟರು ಹೊರಗೆ ಬಂದರು. ಅವರಿಗೂ ಸಾಕಾಗಿತ್ತು, ಗೋಡೆಗೆ ಒರಗಿ ನಿಂತೇ ಮಾತಾಡಿದರು.

"ಇವರಂಥ ಹಳೇ ಶ್ವಾಸಕೋಶಕ್ಕೆ ಆಕ್ಸಿಜನ್ ಒಳಗೆ ಹೋದ್ರೆ ಸಾಲ್ದು, ಕೆಟ್ಟ ಗಾಳಿ ಹೊರಗೆ ಬರ್ಬೇಕು. ಬೇಕಾದ್ದಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ರೆ ಆ ಕೆಟ್ಟ ಗಾಳಿ ಒಳಗೇ ನಿಲ್ಲತ್ತೆ. ರಕ್ತಕ್ಕೆ ಏರತ್ತೆ. ನೀವು ನೋಡಿದ್ದು ನಿದ್ದೆ ಅಲ್ಲ, ಅಮಲು."

"ಬಣ್ಣ ಬಂದಿತ್ತಲ್ಲ ಸಾರ್ ಮುಖಕ್ಕೆ," ಅಂದ ಮಗ.

"ಅದೂ ಅದರದ್ದೇ."

ಮಗ ತನಗೆ ತಾನೇ ಹೇಳಿಕೊಳ್ಳುವ ಹಾಗೆ, "ಹೊಗೆಗೂಡು ಮುಚ್ಚಿ ಸೌದೆ ತುಂಬಿದ ಹಾಗೆ," ಅಂದ.

"ಏನೋ ಹಾಗೇ. ಉಳೀತಾರಾ ಅಂತ ಇವತ್ತು ಕೇಳ್ಬೇಡಿ. ನಾಳೆ ಹೇಳ್ತೀನಿ."

ಮಗಳು ಕೆಲಸದಿಂದ ನೇರ ಬಂದಳು. ಬೆಂಚಿನ ಮೇಲೆ ಸಾಲಾಗಿ ಕೂತವರ ಮುಂದೆ ನಿಂತು ನೇರವಾಗಿ ಸೊಸೆಯನ್ನೇ ಕೇಳಿದಳು.

"ಅತ್ತಿಗೆ, ಯಾರು ತಿರುಗಿಸಿದ್ದು? ಮಧ್ಯಾಹ್ನ ನಿಮಗೆ ನಿದ್ದೆ ಬೇಕಿತ್ತಲ್ವಾ?"

ಸೊಸೆ ತಲೆ ಎತ್ತಿದಳು. ಕೂದಲಲ್ಲಿ ಇನ್ನೂ ಹಿಟ್ಟಿತ್ತು.

"ತಿರುಗಿಸಿದ್ದು ನಾನಲ್ಲ. ಆದ್ರೆ ತಿರುಗಿಸಿದ್ಮೇಲೆ ಚೆನ್ನಾಗಿ ನಿದ್ದೆ ಹೊಡೆದೋರಲ್ಲಿ ನಾನೂ ಒಬ್ಳು. ಅದಕ್ಕೆ ಏನು ಬೈಬೇಕೋ ಬೈಕೊಳ್ಳಿ."

"ಹಾಗಾದ್ರೆ ಯಾರು?"

"ನಾನೇ," ಅಂದಳು ಅಜ್ಜಿ. "ನೀನು ಅರ್ಧ ತಟ್ಟೆ ಅಂದ್ಯಲ್ಲ. ಅದಕ್ಕೆ ಬಡಿಸ್ದೆ."

ಬೆಂಚಿನಲ್ಲಿ ಜಾಗವಿತ್ತು, ಆದರೂ ಮಗಳು ನಿಂತೇ ಇದ್ದಳು.

"ಸಿಸ್ಟರು ನಂಗೆ ಎಲ್ಲಾ ಹೇಳಿದ್ರು," ಅಂದ ಮಗ, ನೆಲ ನೋಡುತ್ತ. "ಯಾಕೆ ಹೆಚ್ಚು ಕೊಡ್ಬಾರ್ದು ಅಂತಾನೂ ಹೇಳಿದ್ರು. ನಾನು ಹಿಟ್ಟಿನ ಯೋಚನೇಲಿದ್ದೆ."

ಅಜ್ಜಿ ಎರಡೂ ಅಂಗೈಗಳನ್ನು ಮಡಿಲಲ್ಲಿ ಬೋರಲಿಟ್ಟುಕೊಂಡಿದ್ದಳು. ಬೇರೆ ಯಾರದೋ ವಸ್ತುಗಳನ್ನು ಕಾಯುತ್ತಿರುವ ಹಾಗೆ. ಮನೆಯಲ್ಲಿ ಭಟ್ಟಿ ಅವತ್ತು ಆರಿಹೋಯಿತು.

ಅಜ್ಜ ಉಳಿದ. ಮಾಸ್ಕು ತೆಗೆದ ದಿನ ಆಸ್ಪತ್ರೆಯ ಬ್ರೆಡ್ಡು ಬಾಯಿಗಿಟ್ಟು, "ಇದನ್ನ ಮಾಡ್ದೋನ್ನ ಮೊದ್ಲು ಅಡ್ಮಿಟ್ ಮಾಡಿ" ಅಂದನಂತೆ. ಅದನ್ನು ಕೇಳಿ ಸೊಸೆ ವರಾಂಡದ ಮೂಲೆಗೆ ಹೋಗಿ ಅತ್ತಳು.

ಈ ಸಲ ಸಿಸ್ಟರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು. ತೊಂಬತ್ತೆರಡು ದಾಟಿದರೆ ಖುಷಿಪಡಬೇಡಿ, ಫೋನು ಮಾಡಿ. ಎಂಬತ್ತೆಂಟಕ್ಕಿಂತ ಇಳಿದರೂ ಫೋನು ಮಾಡಿ, ನೀವೇ ತಿರುಗಿಸಬೇಡಿ. ತುಂಬ ನಿದ್ದೆ, ತಲೆನೋವು, ತೊದಲು ಕಂಡರೆ ಕರೆತನ್ನಿ. ಏದುಸಿರು ಬಂದಾಗ ಮುಂದಕ್ಕೆ ಬಾಗಿ ಕೂರಿಸಿ, ತುಟಿ ಕೂಡಿಸಿ ಮೆಲ್ಲಗೆ ಊದಿಸಿ. "ದೀಪ ಆರಿಸೋ ಹಾಗಲ್ಲ ಅಜ್ಜ, ಬರೀ ಅಲುಗಿಸೋ ಹಾಗೆ."

ಮನೆಗೆ ಬಂದ ಮೇಲೆ ಮಧ್ಯಾಹ್ನಗಳನ್ನು ಹಂಚಿಕೊಂಡರು. ಒಂದು ದಿನ ಸೊಸೆ, ಒಂದು ದಿನ ಮಗ, ರಜೆಯ ದಿನ ಮಗಳು. ಮಗಳು ಮೊದಲ ಪಾಳಿ ಮುಗಿಸಿ ಹೊರಡುವಾಗ ಅವಳ ಕಣ್ಣೂ ಕೆಂಡವಾಗಿತ್ತು. "ಅತ್ತಿಗೆ, ದಿನಾ ಹೀಗೇನಾ?" ಅಂದಳು. "ಇವತ್ತು ಕಮ್ಮಿ," ಅಂದಳು ಸೊಸೆ, ಚೀಲಕ್ಕೆ ರಸ್ಕು ತುಂಬುತ್ತ.

ಅಜ್ಜಿಯ ಹೆಸರು ಆ ಪಾಳಿಯಲ್ಲಿರಲಿಲ್ಲ. ಯಾರೂ ಬಿಟ್ಟದ್ದಲ್ಲ, ಅವಳೇ ಬಿಟ್ಟುಕೊಂಡದ್ದು. ಗಂಜಿ ಕಾಯಿಸಿ ಬಾಗಿಲ ತನಕ ತರುವಳು, ಅಲ್ಲಿಂದ ಮುಂದೆ ಸೊಸೆಯ ಕೈಗೆ. ಪೆಟ್ಟಿಗೆಯ ಪಕ್ಕ ಹಾಯುವಾಗ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಳ್ಳುವಳು. ಮಾತು ಕಮ್ಮಿಯಾಯಿತು, ಬಡಿಸುವ ಕೈ ಬಿಗಿಯಾಯಿತು. ಮಗ ಇನ್ನೊಂದಿಷ್ಟು ಅನ್ನ ಕೇಳಿದರೂ, "ಸಾಕಾಗಲ್ವಾ ಅಷ್ಟು?" ಅನ್ನುವಳು.

"ಅಮ್ಮ ಹೀಗಾದ್ರೆ ಹೇಗೆ?" ಅಂದ ಮಗ.

"ಹೇಳೋರು ಹೇಳ್ಬೇಕು. ನಾವು ಹೇಳಿದ್ರೆ ಕೇಳಲ್ಲ," ಅಂದಳು ಸೊಸೆ.

ಒಂದು ಮಧ್ಯಾಹ್ನ ಸೊಸೆ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ನೆಲ ಒರೆಸುವಾಗ ತಿರುಪಿಗೆ ಕೈ ತಾಗಿ ಗುಂಡು ಮೇಲೇರಿತು. ಅವಳು ಸರಿಮಾಡಲು ಬಗ್ಗಿದಳು. ಅಜ್ಜ ಕೈ ಎತ್ತಿ ತಡೆದ.

"ಅವಳನ್ನ ಕರಿ."

"ಯಾರನ್ನ?"

"ಈ ಮನೇಲಿ ನಂಗೆ ಎಷ್ಟು ಜನ ಹೆಂಡ್ರು?"

ಅಜ್ಜಿ ಬಾಗಿಲ ತನಕ ಬಂದು ನಿಂತಳು.

"ಒಂದಕ್ಕೆ ಇಡು," ಅಂದ ಅಜ್ಜ.

"ಅವಳೇ ಇಡ್ತಾಳೆ. ನನ್ನ ಕೈಯಿಂದ ಆಗಿದ್ದು ಸಾಕು."

"ನೀನೇ ಇಡು. ನಂಗೆ ಗೊತ್ತಿತ್ತು."

"ಏನು?"

"ನೀನು ತಿರುಗಿಸೋದು." ಅವನು ತಡೆದು ತಡೆದು ಮಾತಾಡಿದ, ನಡುವೆ ತುಟಿ ಕೂಡಿಸಿ ಊದಿಕೊಂಡು. "ಮೊದಮೊದಲು ಎಚ್ಚರ ಇರ್ತಿತ್ತಲ್ಲ. ನೀನು ತಿರುಗಿಸ್ತಿದ್ದೆ... ಹೋಗಿ ಉರುಳ್ಕೋತಿದ್ದೆ... ಗೊರಕೆ. ಬೇಡ ಅನ್ನೋಣ ಅನ್ಕೊಂಡೆ. ಆ ಗೊರಕೆ ಕೇಳಿ ಎಷ್ಟು ದಿನ ಆಗಿತ್ತು. ಮಲಗ್ಲಿ ಅಂತ ಸುಮ್ಮನಾದೆ."

"ಸಾಯ್ತಿದ್ರಲ್ರೀ!"

"ಅದು ನಂಗೇನು ಗೊತ್ತು? ನಿಂಗೂ ಗೊತ್ತಿರ್ಲಿಲ್ಲ. ಈಗ ಗೊತ್ತಲ್ಲ. ಇಡು, ಗುಂಡು ಮೇಲಿದೆ."

ಸೊಸೆ ನೆಲ ಒರೆಸುವ ಬಟ್ಟೆ ಹಿಡಿದು ಹಿಂದೆ ಸರಿದಳು. ಅಜ್ಜಿ ಸೆರಗಿನಿಂದ ಕೈ ಹೊರತೆಗೆದು ಕುಕ್ಕರಗಾಲಲ್ಲಿ ಕೂತಳು. ತಿರುಪನ್ನು ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಗುಂಡು ನಡುಗುತ್ತ ಇಳಿದು ಒಂದರ ಗೆರೆಯ ಮೇಲೆ ನಿಂತಿತು. ಅವಳು ಮುಖವನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದು ನೋಡಿದಳು.

"ನಿಂತಿದೆ," ಅಂದಳು.

ಅವತ್ತಿನ ಮಧ್ಯಾಹ್ನ ತನ್ನದೇ ಅಂದಳು. ಸೊಸೆ ಒಳಗೆ ಹೋಗಿ ಮಲಗಿದಳು. ಕೆಮ್ಮು ಬಂತು. ಅಜ್ಜಿ ಅವನನ್ನು ಮುಂದಕ್ಕೆ ಬಾಗಿಸಿ ಬೆನ್ನು ನೀವಿದಳು, ಬಿಸಿನೀರು ಕುಡಿಸಿದಳು, "ಊದಿ, ಮೆಲ್ಲಗೆ ಊದಿ" ಅಂದಳು. ಅವಳ ಕಣ್ಣು ಪೆಟ್ಟಿಗೆಯ ಕಡೆ ಹೋಗುತ್ತಿತ್ತು, ಕೈ ಹೋಗಲಿಲ್ಲ. ಕೆಮ್ಮು ಇಳಿಯಿತು, ಮತ್ತೆ ಬಂತು, ಮತ್ತೆ ಇಳಿಯಿತು.

ಸೊಸೆ ಅರ್ಧ ನಿದ್ದೆಗೇ ಎದ್ದು ಬಂದಳು, ಅತ್ತೆಯನ್ನು ಬಿಡಿಸೋಣ ಅಂತ. ಅಜ್ಜಿ ನೆಲದಲ್ಲಿ ಕೂತು, ಮಂಚದ ಅಂಚಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಬಾಯಿ ತುಸು ತೆರೆದಿತ್ತು. ಒಂದು ಕೈ ಇನ್ನೂ ಗಂಡನ ಬೆನ್ನ ಹಿಂದಿತ್ತು.

ಅಜ್ಜ ಎಚ್ಚರವಾಗಿದ್ದ. ಸೊಸೆಯನ್ನು ಕಂಡು ಬೆರಳನ್ನು ತುಟಿಯ ಮೇಲಿಟ್ಟ. ಅಷ್ಟರಲ್ಲಿ ಅವನ ಎದೆಯಲ್ಲಿ ಇನ್ನೊಂದು ಕೆಮ್ಮು ಮೇಲೇಳತೊಡಗಿತು. ಹೆಗಲು ಅಲುಗಿತು, ಕಣ್ಣಲ್ಲಿ ನೀರು ತುಂಬಿತು. ಅವನು ದಿಂಬಿನ ಮೇಲಿದ್ದ ಟವಲನ್ನು ಎಳೆದು, ಬಾಯಿಗೆ ಒತ್ತಿ ಹಿಡಿದು, ಹೆಂಡತಿಯ ತಲೆ ಅಲುಗದ ಹಾಗೆ, ಸದ್ದು ಹೊರಗೆ ಬರದ ಹಾಗೆ, ಒಳಗೊಳಗೇ ಕೆಮ್ಮಿದ.

ಸೊಸೆ ಸ್ಟೂಲನ್ನು ಸದ್ದಾಗದಂತೆ ಎತ್ತಿ ತಂದು, ಅವನ ಇನ್ನೊಂದು ಪಕ್ಕಕ್ಕಿಟ್ಟುಕೊಂಡು ಕೂತಳು.